ಸಭೆಯಲ್ಲಿ ಗುರುತಿನವರು

ಕಳಮಶ್ಶೇರಿ
6 ಜೂನ್ 2004

ಚಿ. ಸೌದಾಮಿನಿಗೆ ವೆಂಕಟ್ರಮಣ ಮಾವನ ಆಶೀರ್ವಾದ.

ಇಲ್ಲಿ ನಾನು ಚೆನ್ನಾಗಿದ್ದೇನೆ, ನನ್ನ ಕೈಯಡುಗೆ ಉಣ್ಣುವವರು ನನಗಿಂತ ಚೆನ್ನಾಗಿದ್ದಾರೆ. ನೀನು ನಮ್ಮ ವಿಶ್ವವಿದ್ಯಾಲಯದ ಲೆಕ್ಚರರ್ ಹುದ್ದೆಗೆ ಅರ್ಜಿ ಹಾಕಿದ್ದೀ ಎಂದು ಅಕ್ಕ ಊರಿನಿಂದ ಫೋನು ಮಾಡಿ ಹೇಳಿದಳು. ನೀನೇ ಹೇಳಬಹುದಿತ್ತು. ಇರಲಿ. ಶ್ರೀಕಾರ್ಯಂನಲ್ಲಿ ನಿನ್ನ ಗೆಡ್ಡೆಗೆಣಸಿನ ಸಂಶೋಧನೆಯ ಕೆಲಸ ಪ್ರಾಜೆಕ್ಟು ಇರುವವರೆಗೆ ಮಾತ್ರವಂತೆ, ಮುಂದಿನ ಮಾರ್ಚ್ ಕಳೆದರೆ ಕೈ ಖಾಲಿಯಂತೆ. ಹಾಗಾದರೆ ಈ ಹುದ್ದೆ ನಿನಗೆ ಸಿಗಲೇಬೇಕು. ಸಿಗುತ್ತದೆ. ನಾನಿದ್ದೇನಲ್ಲ.

ಅರ್ಜಿ ಹಾಕಿದವರಿಗೆಲ್ಲ ಕಚೇರಿಯವರು ಒಂದು ಬಣ್ಣದ ಪುಸ್ತಿಕೆ ಕಳಿಸುತ್ತಾರೆ. ‘ನಮ್ಮ ವಿದ್ವತ್ ಸಮುದಾಯ ಮತ್ತು ನಮ್ಮ ಮೌಲ್ಯಗಳು’ ಎಂದು ಇಂಗ್ಲಿಷಿನಲ್ಲಿ ಉಂಟು. ಅದರಲ್ಲಿ ಅತಿಥಿಗೃಹದ ಫೋಟೋ ನೋಡು. ಎಡಗಡೆಯ ಕಿಟಕಿಯಲ್ಲಿ ಕಾಣುವ ಮೊಣಕೈ ನನ್ನದು. ಉಳಿದದ್ದನ್ನೆಲ್ಲ ಅಡುಗೆಮನೆಯ ಒಳಗೆ ಕಾಲಿಡದವರು ಬರೆದಿದ್ದಾರೆ. ಆದ್ದರಿಂದ ನಿಜವಾದ ಪರಿಚಯ ನಾನೇ ಮಾಡಿಸಬೇಕು.

ಸಮುದಾಯ ಎಂದದ್ದು ಸುಳ್ಳಲ್ಲ. ಇಲ್ಲಿ ವೈಸ್ ಚಾನ್ಸಲರ್ ಬಂದರೂ ಸಾಲಿನಲ್ಲಿ ನಿಂತು ಊಟ ತೆಗೆದುಕೊಳ್ಳಬೇಕು, ಉಂಡ ತಟ್ಟೆ ತಾನೇ ತೊಳೆಯಬೇಕು. ಹೊಸದಾಗಿ ಬಂದ ಒಬ್ಬರು ಪ್ರೊಫೆಸರ್ ತಟ್ಟೆ ಬಿಟ್ಟು ಎದ್ದುಹೋದರು. ಮರುದಿನ ಅದೇ ತಟ್ಟೆಯಲ್ಲಿ ಅವರಿಗೆ ಬಡಿಸಿದೆ. ಅಂದಿನಿಂದ ತೊಳೆಯುತ್ತಾರೆ. ಮೌಲ್ಯ ಎಂದರೆ ಹೀಗೆ ಬರುವುದು ಮಾರಾಯ್ತಿ. ಮತ್ತೊಂದು, ಇಲ್ಲಿಯ ಹುಡುಗರು ಪ್ರೊಫೆಸರ ಮಾತು ತಪ್ಪು ಎಂದು ವರಾಂಡದಲ್ಲಿಯೇ ಹೇಳುತ್ತಾರೆ. ಪ್ರೊಫೆಸರ್ ಲೈಬ್ರರಿಗೆ ಹೋಗಿ ನೋಡಿ ಬಂದು, ನೀನು ಹೇಳಿದ್ದೇ ಸರಿ ಎನ್ನುತ್ತಾರೆ. ನಮ್ಮೂರಿನ ಮೇಷ್ಟ್ರಿಗೆ ನಾನು ಹಾಗೆ ಹೇಳಿದ್ದಕ್ಕೆ ನನ್ನ ಓದು ಏಳನೇ ಕ್ಲಾಸಿಗೆ ನಿಂತಿತು.

ಇನ್ನು ಮುಖ್ಯ ವಿಷಯ. ನಿನ್ನ ವಿಭಾಗದ ಮುಖ್ಯಸ್ಥೆ ಕಲ್ಯಾಣಿ ಟೀಚರ್. ಅಲ್ಲಿ ಕೆಲಸ ಕೇಳಿ ಬಂದವರು ಎಲ್ಲರ ಮುಂದೆ ಒಂದು ಪಾಠ ಮಾಡಬೇಕು. ಎಲ್ಲರೂ ಎಂದರೆ ಪರೀಕ್ಷಕರು, ವಿದ್ಯಾರ್ಥಿಗಳು, ತೋಟದವರು, ಬಸ್ಸಿನ ಡ್ರೈವರ್, ನಾನು. ಪಾಠಕ್ಕೆ ಮೊದಲು ಟೀಚರ್ ಒಂದು ಪ್ರಶ್ನೆ ಹಾಕುತ್ತಾರಂತೆ: ಈ ಸಭೆಯಲ್ಲಿ ನಿಮ್ಮ ಗುರುತಿನವರು ಯಾರಾದರೂ ಇದ್ದಾರೆಯೇ? ಅದು ಗಾಳ, ಮಗಳೇ. ಇದ್ದಾರೆ ಎಂದೆಯೋ, ಶಿಫಾರಸಿನವಳು ಎಂದು ಬದಿಗಿಡುತ್ತಾರೆ. ನೀನು ಇಲ್ಲ ಎನ್ನಬೇಕು. ಸೋದರಸೊಸೆ ವಿಜ್ಞಾನಿ ಎಂದು ಇಲ್ಲಿ ಗೋಡೆಗೂ ಹೇಳಿದ್ದೇನೆ, ಹೆಸರು ಮಾತ್ರ ಹೇಳಿಲ್ಲ. ಪುಣ್ಯ.

ಫೋನು ಮಾಡಬೇಡ. ಫೋನಿರುವುದು ಕೌಂಟರಿನಲ್ಲಿ, ಎಲ್ಲರ ಕಿವಿಯೂ ಅಲ್ಲೇ. ಕನ್ನಡದಲ್ಲಿ ಕಾಗದ ಬರೆ, ಇಲ್ಲಿ ಯಾರಿಗೂ ಓದಲಿಕ್ಕೆ ಬರುವುದಿಲ್ಲ.

ನಿನ್ನ ಮಾವ,
ವೆಂಕಟ್ರಮಣ
(ಇಲ್ಲಿ ಪ್ರೊಫೆಸರುಗಳು ‘ಸ್ವಾಮಿ’ ಎನ್ನುತ್ತಾರೆ)


ಶ್ರೀಕಾರ್ಯಂ, ತಿರುವನಂತಪುರ
17 ಜೂನ್ 2004

ಮಾವನಿಗೆ ನಮಸ್ಕಾರ.

ಕಾಗದ ತಲುಪಿತು. ಅರ್ಜಿಯ ವಿಷಯ ನಾನೇ ತಿಳಿಸಬೇಕಿತ್ತು, ಕೆಲಸದ ಗಡಿಬಿಡಿಯಲ್ಲಿ ಆಗಲಿಲ್ಲ. ಪುಸ್ತಿಕೆ ಬಂದಿದೆ. ಮೊಣಕೈ ನೋಡಿದೆ.

ನನ್ನ ಪಾಠ ಜುಲೈ ಒಂಬತ್ತಕ್ಕೆ, ಮರಗೆಣಸಿನ ಎಲೆಗೆ ಬರುವ ಮೊಸಾಯಿಕ್ ರೋಗದ ಬಗ್ಗೆ. ಅತಿಥಿಗೃಹದಲ್ಲಿ ಕೋಣೆ ಕೊಡುತ್ತೇವೆಂದು ಬರೆದಿದ್ದರು, ನಾನು ಬೇಡವೆಂದೆ. ತ್ರಿಪ್ಪುಣಿತ್ತುರದಲ್ಲಿ ನನ್ನ ಗೆಳತಿ ಅಪರ್ಣಾಳ ಮನೆಯಿದೆ, ಅಲ್ಲಿಂದಲೇ ಬರುತ್ತೇನೆ.

ಒಂದು ಮಾತು. ಆ ದಿನ ಅಡುಗೆಮನೆಯಲ್ಲಿ ನಿಮಗೆ ಕೆಲಸ ಹೆಚ್ಚಿರುತ್ತದೆ. ಪಾಠಕ್ಕೆ ಬರಲೇಬೇಕೆಂದೇನೂ ಇಲ್ಲ. ನಿಮ್ಮ ಆಶೀರ್ವಾದ ಅಲ್ಲಿಂದಲೇ ಇರಲಿ.

ಸೌದಾಮಿನಿ


ಕಳಮಶ್ಶೇರಿ
23 ಜೂನ್ 2004

ಚಿ. ಸೌದಾಮಿನಿಗೆ,

ಭೇಷ್. ಅತಿಥಿಗೃಹದಲ್ಲಿ ಉಳಿಯುವುದಿಲ್ಲ ಎಂದೆಯಲ್ಲ, ಅಲ್ಲಿಯೇ ಗೊತ್ತಾಯಿತು, ನಿನ್ನ ಬುದ್ಧಿ ನಮ್ಮ ಕಡೆಯದು, ನಿನ್ನ ಅಪ್ಪನ ಕಡೆಯದಲ್ಲ. ಇಲ್ಲಿ ಉಳಿದರೆ ನಾನು ಎರಡು ದೋಸೆ ಹೆಚ್ಚು ಹಾಕುತ್ತೇನೆ, ಯಾರಾದರೂ ನೋಡುತ್ತಾರೆ, ಗುಟ್ಟು ರಟ್ಟಾಗುತ್ತದೆ. ಇಷ್ಟು ದೂರ ನಾನೂ ಯೋಚಿಸಿರಲಿಲ್ಲ.

ಪಾಠಕ್ಕೆ ಬರಬೇಡಿ ಎಂದದ್ದೂ ಅರ್ಥವಾಯಿತು. ನಿನ್ನನ್ನು ಕಂಡ ಕೂಡಲೇ ನನ್ನ ಮುಖ ಅರಳಿ ಎಲ್ಲ ಬಯಲಾದೀತು ಎಂದು ಹೆದರಿಕೆ, ಅಲ್ಲವಾ? ಹೆದರಬೇಡ. ಶಾಲೆಯ ನಾಟಕದಲ್ಲಿ ನಾನು ಹೆಣದ ಪಾತ್ರ ಮಾಡಿದವನು. ಕಟ್ಟಿರುವೆ ಕಚ್ಚಿದರೂ ಅಲುಗಲಿಲ್ಲ. ಹೆಡ್ಮಾಷ್ಟ್ರು ವೇದಿಕೆಗೆ ಬಂದು ಮೂಗಿನ ಹತ್ತಿರ ಕೈ ಹಿಡಿದು ನೋಡಿದರು.

ನಾನು ಬಂದೇ ಬರುತ್ತೇನೆ. ಅಡುಗೆಯನ್ನು ನನ್ನ ಜೊತೆಗಿರುವ ಕಮಲ ನೋಡಿಕೊಳ್ಳುತ್ತಾಳೆ. ಹೊಸ ಪಂಚೆಗೆ ಇಸ್ತ್ರಿ ಹಾಕಿಸಿ ಇಟ್ಟಾಗಿದೆ. ನನ್ನ ಕಡೆ ನೋಡಬೇಡ. ನೋಡಿದರೂ ಕಂಬವನ್ನು ನೋಡಿದ ಹಾಗೆ ನೋಡು.

ವೆಂಕಟ್ರಮಣ ಮಾವ


ಕಳಮಶ್ಶೇರಿ
12 ಜುಲೈ 2004

ಚಿ. ಸೌದಾಮಿನಿಗೆ,

ಮುಗಿಯಿತು, ಗೆದ್ದೆವು. ನಿನ್ನ ಪಾಠ ಕೇಳಿ ಬಂದ ತೋಟದವರು ಮರಗೆಣಸಿನ ಎಲೆ ತಿರುಗಿಸಿ ತಿರುಗಿಸಿ ನೀನು ಹೇಳಿದ ರೋಗ ಹರಡುವ ಬಿಳಿ ನೊಣ ಹುಡುಕುತ್ತಿದ್ದಾರೆ. ಇಷ್ಟು ಚೆನ್ನಾಗಿ ಮಾತಾಡಲಿಕ್ಕೆ ನಿನಗೆ ಯಾರು ಕಲಿಸಿದ್ದು ಎಂದು ಕೇಳಿದರೆ ನನ್ನ ಹೆಸರು ಹೇಳಬಹುದಿತ್ತು. ಹೇಳುವ ಹಾಗಿಲ್ಲ, ಬೇರೆ ಮಾತು.

ನಿನಗಿಂತ ಮೊದಲು ಪಾಠ ಮಾಡಿದ ಆ ಅನುರಾಗ್ ತ್ರಿಪ್ಪುಣಿತ್ತುರದ ಹುಡುಗ. ಟೀಚರ್ ಅವನನ್ನು ಕೇಳಿದಾಗ ಅವನು ಕೊನೆಯ ಬೆಂಚಿಗೆ ಕೈ ತೋರಿಸಿದ. “ಆ ಉರಂಙುನ್ನದು ಎಂಟೆ ಅಚ್ಛನಾ, ಟೀಚರ್,” ಎಂದ. ಅಂದರೆ, “ಆ ನಿದ್ದೆ ಮಾಡುತ್ತಿರುವವರೇ ನನ್ನ ಅಪ್ಪ. ಇಲ್ಲಿಯ ಬಸ್ಸು ಓಡಿಸುತ್ತಾರೆ.” ಸಭೆಯೆಲ್ಲ ನಕ್ಕಿತು. ನಮ್ಮ ಡ್ರೈವರ್ ವಸಂತನ್ ಎಚ್ಚರವಾಗಿ, ಏನಾಯಿತೆಂದು ತಿಳಿಯದೆ ಎದ್ದು ನಿಂತು ಕೈ ಮುಗಿದ. ಟೀಚರ್ ಅಂದದ್ದು ಇಷ್ಟೇ: “ವಸಂತಣ್ಣಾ, ಮಗನ ಪಾಠಕ್ಕೆ ಮಾತ್ರ ಕೈ ಎತ್ತಬೇಡಿ.”

ಪಾಠ ಮುಗಿದ ಮೇಲೆ, ಅರ್ಥವಾದವರು ಕೈ ಎತ್ತಬೇಕು. ಗುರುತಿನವರು ಎತ್ತುವ ಹಾಗಿಲ್ಲ. ಆ ಪ್ರಶ್ನೆ ಇದ್ದದ್ದೇ ಅದಕ್ಕಂತೆ. ಬದಿಗಿಡುವುದೂ ಇಲ್ಲ, ಗಾಳವೂ ಇಲ್ಲ. ನಾನು ಪ್ರತಿ ಸಲ ಅರ್ಧ ಪಾಠ ಆದ ಮೇಲೆ ಚಹಾ ತೆಗೆದುಕೊಂಡು ಹೋಗುತ್ತಿದ್ದವನು. ಪ್ರಶ್ನೆಯ ಸುದ್ದಿ ಮಾತ್ರ ಕೇಳಿದ್ದೆ, ಬಾಕಿಯದ್ದು ನನ್ನ ತಲೆಯಿಂದ ಬಂದದ್ದು.

ಆಮೇಲೆ ನಿನ್ನ ಸರದಿ. ನೀನು ಸಭೆಯನ್ನೆಲ್ಲ ಒಮ್ಮೆ ನೋಡಿದೆ. ನನ್ನನ್ನೂ ನೋಡಿದೆ. ಇಲ್ಲ ಎಂದೆ. ಬಹಳ ಚೆನ್ನಾಗಿ ಹೇಳಿದೆ, ಯಾರಿಗೂ ಸಂಶಯ ಬರಲಿಲ್ಲ. ನನಗೇ ಒಂದು ಗಳಿಗೆ, ನಾವು ಗುರುತಿನವರು ಹೌದಾ ಅಲ್ಲವಾ ಎಂದು ಅನಿಸಿಬಿಟ್ಟಿತು. ಪಾಠ ಮುಗಿದಾಗ ನಾನು ಎರಡೂ ಕೈ ಎತ್ತಿದೆ.

ಊಟದ ಸಾಲಿನಲ್ಲಿ ನಿನಗೆ ಹಪ್ಪಳ ಹೆಚ್ಚು ಹಾಕಿದ್ದೂ ಯಾರಿಗೂ ಕಾಣಲಿಲ್ಲ. ನೀನು ಥ್ಯಾಂಕ್ಯೂ ಎಂದು ಇಂಗ್ಲಿಷಿನಲ್ಲಿ ಅಂದದ್ದು ಒಳ್ಳೆಯ ಉಪಾಯ.

ಊರು ಸೇರಿದ್ದಕ್ಕೆ ಒಂದು ಸಾಲು ಬರೆ.

ಮಾವ


ಕಳಮಶ್ಶೇರಿ
2 ಆಗಸ್ಟ್ 2004

ಚಿ. ಸೌದಾಮಿನಿಗೆ,

ನಿನ್ನಿಂದ ಕಾಗದವಿಲ್ಲ. ಅಂಚೆಯವನ ಮೇಲೆ ಸಿಟ್ಟು ಮಾಡಿಕೊಂಡೆ, ಪಾಪ.

ಇವತ್ತು ಬೋರ್ಡಿನಲ್ಲಿ ಹೆಸರು ಹಾಕಿದ್ದಾರೆ. ಮೊದಲನೆಯದು ನಿನ್ನದು. ಎರಡನೆಯದು ಅನುರಾಗನದು. ಮುಂದಿನ ತಿಂಗಳು ಆರ್ಡರ್ ಕಳಿಸುತ್ತಾರಂತೆ.

ಎರಡನೆಯವನ ಅಪ್ಪ ವಸಂತನ್ ಅಡುಗೆಮನೆಗೆ ಬಂದ. ಮಗನಿಗೆ ಹುದ್ದೆ ಸಿಗಲಿಲ್ಲ, ಆದರೂ ಇಡೀ ಕೇರಳದಲ್ಲಿ ಎರಡನೆಯವನಲ್ಲವಾ ಎಂದು ಎಲ್ಲರಿಗೂ ಹಲ್ವ ಹಂಚಿದ. ನನಗೂ ಕೊಟ್ಟ. ಮೊದಲನೆಯವಳ ಮಾವ ಆ ಹಲ್ವ ತಿಂದು, ಚೆನ್ನಾಗಿದೆ ವಸಂತಾ ಎಂದು ಹೇಳಿ ಕೈ ತೊಳೆದ.

ಸಂಜೆ ಕಮಲ ಕೇಳಿದಳು, ಈ ಸೌದಾಮಿನಿ ಎಂಬವರು ನಿಮ್ಮ ಕಾಸರಗೋಡಿನ ಕಡೆಯವರಲ್ಲವಾ ಸ್ವಾಮಿ ಎಂದು. ತಿರುವನಂತಪುರದವರು ಎಂದೆ. ಇಷ್ಟು ವರ್ಷ ಇಲ್ಲದ್ದನ್ನೆಲ್ಲ ಉಂಟು ಎಂದು ಹೇಳಿಕೊಂಡು ಬಂದವನು ನಾನು. ಇದ್ದದ್ದನ್ನು ಇಲ್ಲ ಎಂದು ಹೇಳಲಿಕ್ಕೆ ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ನೀನು ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ಎಂತ ಮಾಡುವುದು? ಊಟಕ್ಕೆ ಬಂದು ಸಾಲಿನಲ್ಲಿ ನಿಲ್ಲುತ್ತೀ, ನಾನು ಬಡಿಸುತ್ತೇನೆ, ಅಷ್ಟೆಯಾ? ಇಲ್ಲ, ಎಲ್ಲರೂ ಹೋದ ಮೇಲೆ ಹಿಂದಿನ ಬಾಗಿಲಿನಿಂದ ಬಂದು ಮಾತಾಡುತ್ತೀಯಾ? ನೀನು ಏನು ಹೇಳಿದರೂ ಹಾಗೆ ಮಾಡುತ್ತೇನೆ. ಆದರೆ ಹೆಣದ ಪಾತ್ರ ಮಾಡಿದ್ದು ಒಂದು ದಿನ ಮಾತ್ರ ಮಗಳೇ. ರಿಟೈರ್ ಆಗುವವರೆಗೆ ಮಲಗಿರಲಿಕ್ಕೆ ನನ್ನಿಂದ ಆಗಲಿಕ್ಕಿಲ್ಲ.

ಮಾವ


ಕಳಮಶ್ಶೇರಿ
11 ಆಗಸ್ಟ್ 2004

ಸೌದಾಮಿನಿ,

ನೀನು ಬರೆಯಲಿಲ್ಲ, ಹಾಗಾಗಿ ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದೆ. ನಿನ್ನೆ ಕಲ್ಯಾಣಿ ಟೀಚರ ಕೋಣೆಗೆ ಹೋಗಿ, ಆ ಹುಡುಗಿ ನನ್ನ ಅಕ್ಕನ ಮಗಳು ಎಂದು ಹೇಳಿದೆ. ಸುಳ್ಳು ಹೇಳಲಿಕ್ಕೆ ನಾನೇ ಕಲಿಸಿದ್ದು, ಅವಳು ದೊಡ್ಡವರ ಮಾತು ಮೀರಲಾರದೆ ಹೇಳಿದಳು, ತಪ್ಪೆಲ್ಲ ನನ್ನದು ಎಂದೆ. ಎರಡೂ ಕೈ ಎತ್ತಿದ್ದನ್ನೂ ಹೇಳಿದೆ. ಅದನ್ನು ಅವರು ಆಗಲೇ ನೋಡಿದ್ದರಂತೆ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಯೋಚಿಸಿ ಹೇಳುತ್ತೇನೆ ಎಂದರು. ನಿನಗೆ ಏನೂ ಆಗಲಿಕ್ಕಿಲ್ಲ. ನನ್ನನ್ನು ಹಾಸ್ಟೆಲಿನ ಅಡುಗೆಗೆ ಹಾಕಿದರೂ ಹಾಕಿಯಾರು, ಹಾಕಲಿ.

ಮಾವ


ಶ್ರೀಕಾರ್ಯಂ
11 ಆಗಸ್ಟ್ 2004

ಮಾವ,

ನಿಮ್ಮ ಎರಡೂ ಕಾಗದಗಳು ಮೇಜಿನ ಮೇಲಿವೆ. ಉತ್ತರ ಬರೆಯಲು ಕುಳಿತಾಗಲೆಲ್ಲ ಬೇರೆ ಏನೋ ಬರೆದು ಹರಿದುಹಾಕಿದೆ.

ನಾನು ನಿಮ್ಮ ಮಾತು ಕೇಳಿ ಇಲ್ಲ ಎಂದೆ ಎಂದು ನೀವು ತಿಳಿದಿದ್ದೀರಿ. ಅಲ್ಲ ಮಾವ. ಅನುರಾಗ್ ತನ್ನ ಅಪ್ಪನನ್ನು ತೋರಿಸಿದಾಗ ನಾನೂ ಅಲ್ಲೇ ಕುಳಿತು ಕೇಳುತ್ತಿದ್ದೆ. ಹೌದು ಎಂದರೆ ಏನೂ ಆಗುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಗಿತ್ತು. ನೀವು ಹೇಳಿಕೊಟ್ಟ ಮಾತಿನ ಹಂಗು ಅಲ್ಲಿಗೆ ಮುಗಿಯಿತು. ಆಮೇಲೆ ಹೇಳಿದ ಸುಳ್ಳು ನನ್ನದು.

ಆ ದಿನ ಬೆಳಿಗ್ಗೆ ಚಹಾದ ಹೊತ್ತಿನಲ್ಲಿ ನೀವು ಕೆಟಲ್ ಹಿಡಿದುಕೊಂಡು ಪರೀಕ್ಷಕರ ನಡುವೆ ನಿಂತಿದ್ದಿರಿ. ನನ್ನ ಸಾಂಬಾರು ಉಂಡವರು ಮಾತ್ರ ಇಲ್ಲಿ ಪ್ರೊಫೆಸರ್ ಆಗುವುದು ಎಂದು ಗಟ್ಟಿಯಾಗಿ ಹೇಳಿದಿರಿ. ದೆಹಲಿಯಿಂದ ಬಂದವರು ನಕ್ಕರು. ನಿಮ್ಮ ಜೊತೆ ನಕ್ಕರೋ, ನಿಮ್ಮನ್ನು ನೋಡಿ ನಕ್ಕರೋ, ತಿಳಿದುಕೊಳ್ಳುವಷ್ಟು ಹೊತ್ತು ನಾನು ಅಲ್ಲಿ ನಿಲ್ಲಲಿಲ್ಲ. ಇವರು ನನ್ನ ಮಾವ ಎಂದು ಗೊತ್ತಾದರೆ ಆ ನಗು ನನ್ನ ಪಾಠದ ಮೇಲೂ ಬೀಳುತ್ತದೆ ಎಂದುಕೊಂಡೆ. ಮೊದಲೇ ಅತಿಥಿಗೃಹ ಬೇಡವೆಂದದ್ದೂ, ಪಾಠಕ್ಕೆ ಬರಬೇಡಿ ಎಂದದ್ದೂ ಇದೇ ಹೆದರಿಕೆಯಿಂದ. ನೀವು ಅದನ್ನು ಬುದ್ಧಿವಂತಿಕೆ ಎಂದು ಹೊಗಳಿದಿರಿ.

ಇನ್ನೂ ಒಂದಿದೆ. ಟೀಚರ್ ನನ್ನನ್ನು ಕೇಳಿದಾಗ ನೀವು ಪಂಚೆ ಸರಿಮಾಡಿಕೊಂಡು ಬೆಂಚಿನ ತುದಿಗೆ ಸರಿದಿರಿ. ವಸಂತನ್ ಎದ್ದ ಹಾಗೆ ಏಳಲು ಸಿದ್ಧರಾಗಿದ್ದಿರಿ. ಅದನ್ನು ನೀವು ಬರೆಯಲಿಲ್ಲ. ನಾನು ನೋಡಿದೆ. ನೋಡಿಯೇ ಇಲ್ಲ ಎಂದೆ.

ಇವತ್ತು ಕಲ್ಯಾಣಿ ಟೀಚರಿಗೆ ಬರೆದು ಕಳಿಸಿದ್ದೇನೆ, ಇದನ್ನೆಲ್ಲ. ಆ ಹುದ್ದೆ ಬೇಡವೆಂದೂ ಬರೆದಿದ್ದೇನೆ.

ಸೌದಾಮಿನಿ


ಕಳಮಶ್ಶೇರಿ
22 ಆಗಸ್ಟ್ 2004

ಚಿ. ಸೌದಾಮಿನಿಗೆ,

ನಿನ್ನ ಕಾಗದ ನನಗೆ ಬಂದ ದಿನವೇ ಟೀಚರಿಗೂ ಬಂದಿತ್ತು. ಮಧ್ಯಾಹ್ನ ಕರೆಸಿದರು. ಕುರ್ಚಿ ತೋರಿಸಿದರು, ಕುಳಿತೆ.

“ಸ್ವಾಮಿ, ತಪ್ಪು ನಿಮ್ಮದು ಎಂದು ನೀವು ಹೇಳಿದಿರಿ. ತನ್ನದು ಎಂದು ಆಕೆ ಬರೆದಿದ್ದಾರೆ. ನಾನು ಯಾರ ಮಾತು ನಂಬಲಿ?”

ನನ್ನ ಮಾತು ನಂಬಿದರೆ ಏನಾಗುತ್ತದೆ ಎಂದು ಕೇಳಿದೆ. ಹಿರಿಯರ ಒತ್ತಾಯದಿಂದ ಹೇಳಿದ್ದು ಎಂದು ಬರೆದು, ಹುದ್ದೆ ಒಪ್ಪಿಕೊಳ್ಳುವಂತೆ ಆಕೆಯನ್ನು ಕೇಳಬಹುದು ಎಂದರು. ಆಕೆಯ ಮಾತು ನಂಬಿದರೆ? ಹುದ್ದೆ ಎರಡನೆಯವನಿಗೆ ಹೋಗುತ್ತದೆ. ಹುಡುಗರಿಗೆ ಪಾಠ ಮಾಡುವವರನ್ನು ನಾವು ಮೊದಲು ಕೇಳುವುದೇ ಆ ಒಂದು ಪ್ರಶ್ನೆ, ಅದಕ್ಕೇ ಸುಳ್ಳು ಹೇಳಿದರೆ ಹೇಗೆ ಎಂದರು.

ನೋಡು, ನಾನು ಎಷ್ಟೋ ಸುಳ್ಳು ಹೇಳಿದವನು. ಆ ಹೊತ್ತಿಗೆ ಇನ್ನೊಂದು ಹೇಳಿದ್ದರೆ ನಿನ್ನ ಬದುಕು ನೆಟ್ಟಗಾಗುತ್ತಿತ್ತು. ನಾಲಿಗೆಯ ತುದಿಯಲ್ಲಿಯೇ ಇತ್ತು. ಆದರೆ ನೀನು ಅಷ್ಟು ಕಷ್ಟಪಟ್ಟು ಬರೆದದ್ದನ್ನು ನಾನು ಅಲ್ಲ ಎನ್ನುವುದು ಹೇಗೆ?

“ಅವಳ ಮಾತು ನಂಬಿ ಟೀಚರ್,” ಎಂದೆ.

ಹುದ್ದೆ ಅನುರಾಗನಿಗೆ ಹೋಯಿತು. ನಿನ್ನ ವಿರುದ್ಧ ಯಾವ ಕಾಗದದಲ್ಲಿಯೂ ಏನೂ ಬರೆಯುವುದಿಲ್ಲವಂತೆ, ಮುಂದೆ ಜಾಗ ಖಾಲಿಯಾದರೆ ನೀನು ಮತ್ತೆ ಅರ್ಜಿ ಹಾಕಬಹುದಂತೆ. ಯಾವಾಗ ಖಾಲಿಯಾಗುತ್ತದೆ ಎಂದು ಕೇಳಿದೆ. ಅದು ಅವರಿಗೂ ಗೊತ್ತಿಲ್ಲ. ನನ್ನನ್ನು ಹಾಸ್ಟೆಲಿಗೆ ಹಾಕಲಿಲ್ಲ. ಅಡುಗೆ ಯಥಾಪ್ರಕಾರ.

ಪಂಚೆ ಸರಿಮಾಡಿದ್ದನ್ನು ನೀನು ನೋಡಿದ್ದೀ ಎಂದು ಗೊತ್ತಿರಲಿಲ್ಲ. ಚಹಾದ ಹೊತ್ತಿನ ಮಾತು ನೀನು ಬರೆದ ಮೇಲೆಯೇ ನನಗೆ ನೆನಪಾದದ್ದು. ಇಂಥವರೆಲ್ಲ ನನ್ನ ಜೊತೆಯೇ ನಗುವುದು ಎಂದು ಇಷ್ಟು ವರ್ಷ ತಿಳಿದುಕೊಂಡಿದ್ದೆ. ಈಗ ಕೆಟಲ್ ಹಿಡಿದು ಹೋದರೆ ಬಾಯಿ ಏಳುವುದಿಲ್ಲ. ಸ್ವಾಮಿಗೆ ಹುಷಾರಿಲ್ಲವಾ ಎಂದು ಕೇಳುತ್ತಾರೆ.

ನಿನ್ನ ಹುದ್ದೆಯನ್ನು ಎರಡು ಸಲ ತೆಗೆದವನು ನಾನು. ಮೊದಲನೆಯ ಸಲ ಸುಳ್ಳು ಕಲಿಸಿ, ಎರಡನೆಯ ಸಲ ನಿಜ ಹೇಳಿ. ಅಕ್ಕನಿಗೆ ಯಾವ ಮುಖದಿಂದ ಹೇಳಲಿ?

ಮಾವ


ಶ್ರೀಕಾರ್ಯಂ
3 ಸೆಪ್ಟೆಂಬರ್ 2004

ಪ್ರೀತಿಯ ಮಾವ,

ಅಮ್ಮನಿಗೆ ನಾನು ಹೇಳಿದ್ದೇನೆ. ನಿಮ್ಮನ್ನು ಬೈದಳು, ನನ್ನನ್ನು ಹೆಚ್ಚು ಬೈದಳು.

ನೀವು ಟೀಚರ ಹತ್ತಿರ ಹೇಳಿದ್ದು ಸರಿ. ನೀವು ಬೇರೆ ಹೇಳಿದ್ದರೆ ಸುಳ್ಳಿನಿಂದ ಸಿಕ್ಕ ಕುರ್ಚಿಯಲ್ಲಿ ನಾನು ದಿನವೂ ಕುಳಿತುಕೊಳ್ಳಬೇಕಿತ್ತು. ಮಾರ್ಚ್ ಇನ್ನೂ ದೂರವಿದೆ. ಬೇರೆ ಎರಡು ಕಡೆ ಅರ್ಜಿ ಹಾಕಿದ್ದೇನೆ.

ಸೆಪ್ಟೆಂಬರ್ ಹದಿನೆಂಟಕ್ಕೆ ನಮ್ಮಲ್ಲಿ ಎಲ್ಲರಿಗೂ ಬಾಗಿಲು ತೆರೆದಿರುತ್ತದೆ. ಬೆಳೆ ನೋಡಲು ರೈತರು ಬರುತ್ತಾರೆ, ನಾವು ಮನೆಯವರನ್ನು ಕರೆಯುತ್ತೇವೆ. ನೀವು ಬನ್ನಿ. ನನ್ನ ಮಾವ ಬರುತ್ತಾರೆ ಎಂದು ಜೊತೆಯವರಿಗೆ ಹೇಳಿದ್ದೇನೆ. ಏನು ಮಾಡುತ್ತಾರೆ ಎಂದು ಕೇಳಿದರು. ಅಡುಗೆ ಮಾಡುತ್ತಾರೆ ಎಂದೆ. ಮರಗೆಣಸಿನ ಹಪ್ಪಳ ಮಾಡಲು ಬರುತ್ತದೆಯೇ ಎಂದು ಕೇಳಿದರು. ಅದಕ್ಕೆ ಉತ್ತರ ನನಗೆ ಗೊತ್ತಿರಲಿಲ್ಲ.

ಸೌದಾಮಿನಿ


ಕಳಮಶ್ಶೇರಿ
20 ಸೆಪ್ಟೆಂಬರ್ 2004

ಚಿ. ಸೌದಾಮಿನಿಗೆ,

ನಾನು ಬರಲಿಲ್ಲ ಎಂದು ನೀನು ತಿಳಿದಿರಬೇಕು. ಬಂದಿದ್ದೆ. ಹಪ್ಪಳವನ್ನೂ ತಂದಿದ್ದೆ. ತಂಬಾನೂರಿನಲ್ಲಿ ರೈಲಿಳಿದು ಬಸ್ಸು ಹಿಡಿದು ನಿಮ್ಮ ಗೇಟಿನವರೆಗೆ ಬಂದೆ. ಕಾವಲಿನವನು ಯಾರನ್ನು ನೋಡಬೇಕು ಎಂದ. ನಿನ್ನ ಹೆಸರು ಹೇಳಿದೆ. “ಮೇಡಂ ನಿಮಗೆ ಏನಾಗಬೇಕು?” ಎಂದು ಕೇಳಿದ. ಒಳ್ಳೆಯ ಮನುಷ್ಯ, ಮರ್ಯಾದೆಯಿಂದಲೇ ಕೇಳಿದ.

ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತರಿಗೂ ಕೇಳದೆ ಹೇಳುತ್ತಿದ್ದ ಮಾತು ಅದು. ಅಷ್ಟರಲ್ಲಿ ಒಳಗೆ ನೀನು ಕಂಡೆ. ಬಿಳಿ ಕೋಟು ಹಾಕಿ ರೈತರಿಗೆ ಗಿಡ ತೋರಿಸುತ್ತಿದ್ದೆ. ನಾಲ್ಕು ಮಂದಿ ಸುತ್ತ ನಿಂತು ಕೇಳುತ್ತಿದ್ದರು. ಮಾರ್ಚ್ ಕಳೆದರೆ ಈ ಗೇಟಿನ ಒಳಗೆ ಇವಳಿಗೆ ಜಾಗವಿಲ್ಲ, ಬೇರೆ ಜಾಗವಿದ್ದದ್ದನ್ನು ಕಳೆದವನು ನಾನು, ಈಗ ಮಾವ ಎಂದು ಹೇಳಿಕೊಂಡು ಒಳಗೆ ಹೋಗಲಿಕ್ಕೆ ಯಾವ ಮುಖ ಉಂಟು ಅನಿಸಿತು. ಏನೂ ಆಗಬೇಕಾಗಿಲ್ಲ, ಸುಮ್ಮನೆ ಬಂದೆ ಎಂದು ಹೇಳಿ ತಿರುಗಿ ಬಂದೆ. ಹಪ್ಪಳ ಅವನಿಗೇ ಕೊಟ್ಟೆ.

ನಿನ್ನ ಮೇಲೆ ಸೇಡು ತೀರಿಸಿಕೊಂಡೆ ಎಂದು ಮಾತ್ರ ತಿಳಿಯಬೇಡ. ನಿನಗೆ ಆ ದಿನ ಸಭೆಯಲ್ಲಿ ಏನಾಯಿತು ಎಂದು ನನಗೆ ಈಗ ಗೊತ್ತಾಯಿತು. ಬಾಯಿ ತನ್ನಷ್ಟಕ್ಕೆ ಹೇಳಿಬಿಡುತ್ತದೆ, ಆಮೇಲೆ ತಿರುಗಿ ನಡೆಯುವ ಕಾಲು ಮಾತ್ರ ನಮ್ಮದು.

ಮಾವ


ಶ್ರೀಕಾರ್ಯಂ
24 ಸೆಪ್ಟೆಂಬರ್ 2004

ಮಾವ,

ಹಪ್ಪಳ ಕಾವಲಿನವರು ನನಗೇ ತಂದುಕೊಟ್ಟಿದ್ದರು. ಕೊಟ್ಟವರು ಯಾರೆಂದು ಕೇಳಿದೆ. ಯಾರೋ, ನಿಮಗೆ ಏನೂ ಆಗಬೇಕಾದವರಲ್ಲವಂತೆ ಎಂದರು. ಮರಗೆಣಸಿನದೆಂದು ಕಂಡಾಗಲೇ ನೀವು ಬಂದಿದ್ದಿರಿ ಎಂದು ಗೊತ್ತಾಯಿತು, ನಾವೆಲ್ಲ ಸೇರಿ ಕರಿದು ತಿಂದೆವು. ಅದು ನನ್ನ ಮಾವ ಮಾಡಿದ್ದು ಎಂದು ಕಾವಲಿನವರಿಗೂ ಹೇಳಿ, ಎರಡು ಕೊಟ್ಟೆ.

ಮುಂದಿನ ಭಾನುವಾರ, ಅಕ್ಟೋಬರ್ ಮೂರಕ್ಕೆ ನಾನು ಕಳಮಶ್ಶೇರಿಗೆ ಬರುತ್ತೇನೆ. ಅತಿಥಿಗೃಹದಲ್ಲಿ ನನ್ನ ಹೆಸರಿನಲ್ಲಿ ಕೋಣೆ ಹೇಳಿದ್ದೇನೆ. ಕಲ್ಯಾಣಿ ಟೀಚರನ್ನೂ, ವಸಂತನ್ ಮತ್ತು ಅನುರಾಗರನ್ನೂ ಮಧ್ಯಾಹ್ನದ ಊಟಕ್ಕೆ ಕರೆದು ಬರೆದಿದ್ದೇನೆ. ಟೀಚರ್ ಒಪ್ಪಿದ್ದಾರೆ.

ಕೌಂಟರಿನಲ್ಲಿ ಯಾರನ್ನು ನೋಡಬೇಕು ಎಂದು ಕೇಳುತ್ತಾರೆ. ನಿಮ್ಮನ್ನು ಕರೆದಾಗ ಕೈ ಒರೆಸಿಕೊಂಡು ಮುಂದೆ ಬಂದು ನಿಲ್ಲಿ. ಆ ಇಸ್ತ್ರಿ ಪಂಚೆಯೇ ಆಗಬೇಕೆಂದಿಲ್ಲ, ಅಡುಗೆಮನೆಯದೇ ಇರಲಿ. ನೀವು ಏನೂ ಹೇಳಬೇಡಿ. ಎಲ್ಲರಿಗೂ ಕೇಳಿಸುವ ಹಾಗೆ ನಾನೇ ಹೇಳುತ್ತೇನೆ.

ನಿಮ್ಮ ಸೊಸೆ,
ಸೌದಾಮಿನಿ